ಅಪ್‌ಡೇಟ್: ಅಪ್ಪನ ಜ್ವರ ಟೈಫಾಯ್ಡ್ ಆಗಿರಲೇ ಇಲ್ಲ

ಹೋದ ವಾರ ಕೇಳಿದ್ದೆನಲ್ಲ, ಅಪ್ಪನಿಗೆ ಎಂಟು ದಿನದಿಂದ ಜ್ವರ, ಟೈಫಾಯ್ಡ್‌ಗೆ ಮಾಡುವ ವಿಡಾಲ್ ರಕ್ತದ ಟೆಸ್ಟ್ ಪಾಸಿಟಿವ್, ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರೂ ಇಳಿಯುತ್ತಿಲ್ಲ ಯಾಕೆ ಅಂತ. ಉತ್ತರ ಸಿಕ್ಕಿತು.

ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಫೈಲ್ ತೆರೆಯುವ ಮೊದಲೇ "ತೋಟದಲ್ಲಿ ಹುಲ್ಲು ಕೊಯ್ದಿದ್ರಾ?" ಅಂದರು. ಆಮೇಲೆ ಪಂಚೆ ಸಡಿಲಿಸಿ ನೋಡಿದರು. ಉಡಿದಾರದ ಕೆಳಗೆ, ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವಿಲ್ಲ, ತುರಿಕೆಯಿಲ್ಲ. ಅಪ್ಪನಿಗೇ ಗೊತ್ತಿರಲಿಲ್ಲ!

ಸ್ಕ್ರಬ್ ಟೈಫಸ್. ರಕ್ತದ ಐಜಿಎಂ ಟೆಸ್ಟ್ (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ ಹುಡುಕುವ ಟೆಸ್ಟ್) ಕೂಡ ಅದನ್ನೇ ಹೇಳಿತು. ಟೈಫಾಯ್ಡ್‌ಗೆ ಹೆಸರು ಹತ್ತಿರ, ಸಂಬಂಧ ಮಾತ್ರ ಇಲ್ಲ. ಟೈಫಾಯ್ಡ್ ತರುವುದು ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾ, ಕೊಳಕಾದ ನೀರು, ಊಟದಿಂದ. ಇದನ್ನು ತರುವುದು ಓರಿಯೆನ್ಷಿಯಾ ಸುತ್ಸುಗಮುಷಿ (ಈ ಹೆಸರು ಬಾಯಿಗೆ ಹತ್ತೋಕೆ ಎರಡು ದಿನ ಬೇಕಾಯ್ತು). ಹುಲ್ಲು, ಪೊದೆಯಲ್ಲಿರುವ ಒಂದು ಜಾತಿಯ ನುಸಿಯ (ಮೈಟ್) ಮರಿ ಕಚ್ಚಿದಾಗ ಮೈ ಸೇರುತ್ತದೆ. ನಮ್ಮ ಜೀವಕೋಶದ ಒಳಗೇ ಕೂತು ಬೆಳೆಯುವ ಬ್ಯಾಕ್ಟೀರಿಯಾ ಅದು. ಅದಕ್ಕೇ ಆ ಇಂಜೆಕ್ಷನ್ ಕೆಲಸ ಮಾಡಲಿಲ್ಲ. ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಮಾಮೂಲಿ ಬ್ಲಡ್ ಕಲ್ಚರ್‌ನಲ್ಲೂ ಅದು ಬೆಳೆಯುವುದಿಲ್ಲ.

ಡಾಕ್ಸಿಸೈಕ್ಲಿನ್ ಅನ್ನೋ ಬೇರೆ ಆಂಟಿಬಯಾಟಿಕ್ ಶುರು ಮಾಡಿದರು. ಎರಡನೇ ದಿನಕ್ಕೇ ಜ್ವರ ಬಿಟ್ಟಿತು.

ವಿಡಾಲ್ ಬಗ್ಗೆ ಎಚ್ಚರಿಸಿದವರಿಗೆ ಥ್ಯಾಂಕ್ಸ್. 1896ರ ಕಾಲದ ಟೆಸ್ಟ್ ಅದು. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ ಪಾಸಿಟಿವ್ ಬರಬಹುದು. ನಾವು ಸುಮ್ನೆ ಆ ಒಂದು ಚೀಟಿ ನಂಬಿ ಕೂತಿದ್ದೆವು.

ಇವತ್ತು ಬೆಳಗ್ಗೆ ಅಪ್ಪ ಗಂಜಿ ತಟ್ಟೆ ಪಕ್ಕಕ್ಕೆ ತಳ್ಳಿ, ದೋಸೆ ಹಾಕು ಅಂದರು.