ಹಿರಿಯರು, ಹೊಸಬರು ಕೆಲಸದಲ್ಲಿ ಒಬ್ಬರಿಂದೊಬ್ಬರು ಕಲಿಯೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ನಮ್ಮ ವಿಭಾಗದಲ್ಲಿ ಆರು ಜನ. ಇಬ್ಬರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಮೂವರು ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲ. ನಡುವೆ ನಾನು. ಅವರು ‘ಈ ಹುಡುಗರಿಗೆ ತಾಳ್ಮೆ ಇಲ್ಲ’ ಅನ್ನುತ್ತಾರೆ, ಇವರು ‘ಏನನ್ನೂ ಬದಲಾಯಿಸಲು ಬಿಡಲ್ಲ’ ಅನ್ನುತ್ತಾರೆ. ಜೋಡಿ ಮಾಡಿ ವಾರಕ್ಕೊಂದು ಗಂಟೆ ಕೂರಿಸಿ ಅಂತ ಮೇಲಿನವರ ಅಪ್ಪಣೆ. ಮಾಡಿ ನೋಡಿದವರು ಇದ್ದೀರಾ? ಉಪಯೋಗ ಆಯ್ತಾ?

ಲೆಕ್ಕಪತ್ರ ವಿಭಾಗ, 28 ವರ್ಷದ ಸರ್ವಿಸ್:
ನಮ್ಮಲ್ಲಿ ಅದು ಮೂರೇ ವಾರ ನಡೆಯಿತು. ಮೊದಲ ವಾರ ನನ್ನ ಜೋಡಿಯ ಹುಡುಗಿ ನೋಟ್‌ಬುಕ್ ತಂದಿದ್ದಳು. ಮೂರನೇ ವಾರ ಇಬ್ಬರೂ ಗಡಿಯಾರ ನೋಡುತ್ತಿದ್ದೆವು. ಕೈಯಲ್ಲಿ ಕೆಲಸ ಇಲ್ಲದೆ ಸುಮ್ನೆ ಎದುರುಬದುರು ಕೂತರೆ ಏನು ಕಲಿಸೋದು?

ನಿಜವಾಗಿ ಕಲಿತದ್ದು ವರ್ಷದ ಲೆಕ್ಕ ಮುಗಿಸುವ ದಿನ. ಎರಡು ರಿಪೋರ್ಟ್ ತಾಳೆ ಆಗುತ್ತಿರಲಿಲ್ಲ. ಅವಳು ಫಾರ್ಮುಲಾಗಳನ್ನೆಲ್ಲ ಮೂರು ಸಲ ನೋಡಿದಳು. ಎಲ್ಲ ಸರಿಯಾಗೇ ಇತ್ತು. ‘ಕೊನೇ ಸಾಲಿನ ನಂಬರ್ ಎಷ್ಟಮ್ಮ?’ ಅಂದೆ. 65,536. ನನಗೆ ನಗು ಬಂತು. ಎಕ್ಸೆಲ್‌ನ ಹಳೇ ಎಕ್ಸ್‌ಎಲ್‌ಎಸ್ ಫೈಲ್‌ನಲ್ಲಿ ಒಂದು ಶೀಟ್‌ಗೆ ಹಿಡಿಸೋದೇ ಅಷ್ಟು ಸಾಲು. 2007ರ ಆವೃತ್ತಿಯಿಂದ ಅದು 10,48,576 ಆಯಿತು. ಯಾವುದೋ ಹಳೇ ಸಾಫ್ಟ್‌ವೇರ್ ಇನ್ನೂ ಹಳೇ ಫೈಲನ್ನೇ ಕೊಡುತ್ತಿತ್ತು, ಮಿಕ್ಕ ಸಾಲುಗಳು ಬಂದೇ ಇರಲಿಲ್ಲ. ಅವಳು ಶಾಲೆಯಲ್ಲಿದ್ದಾಗಲೇ ಹೋದ ಮಿತಿ ಅದು, ಅವಳಿಗೆ ಹೇಗೆ ಗೊತ್ತಿರಬೇಕು?

ಅವತ್ತೇ ನಾನು ಫಿಲ್ಟರ್ ಹಾಕಿ ಹಾಕಿ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸುವುದನ್ನು ಅವಳು ನೋಡಿಬಿಟ್ಟಳು. ಸಾಲುಗಳನ್ನು ಗುಂಪು ಮಾಡಿ ತಾನೇ ಕೂಡಿಸಿಕೊಡುವ ಎಕ್ಸೆಲ್ ಪಟ್ಟಿ, ಪಿವಟ್ ಟೇಬಲ್, ಮಾಡಿ ತೋರಿಸಿದಳು. ನನ್ನ ಅರ್ಧ ದಿನದ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು. ಆದರೆ ಪಟಪಟ ಅಂತ ಕ್ಲಿಕ್ ಮಾಡಿದ್ದಕ್ಕೆ ನನಗೆ ತಲೆಬುಡ ಗೊತ್ತಾಗಲಿಲ್ಲ. ‘ಮೌಸ್ ಇಲ್ಲಿ ಕೊಡು, ನೀನು ಬಾಯಲ್ಲಿ ಹೇಳು’ ಅಂದೆ. ಮೂರು ಸಲ ತಪ್ಪು ಕಡೆ ಎಳೆದೆ. ಅವಳ ಬೆರಳು ಮೇಜಿನ ಮೇಲೆ ಚಡಪಡಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಆಮೇಲೆ ನಮ್ಮಲ್ಲಿ ಅದೇ ರೂಢಿ ಆಯಿತು. ಯಾರು ಕಲಿಯುತ್ತಾರೋ ಅವರ ಕೈಯಲ್ಲೇ ಮೌಸ್.

ಮೆಷಿನ್ ಶಾಪ್, ಆರು ವರ್ಷ:
ನನ್ನದು ಎಡವಟ್ಟಿನ ಕಥೆ. ನಮ್ಮ ಹಿರಿಯ ಟರ್ನರ್ ಒಬ್ಬರು ಲೋಹ ಕಡೆಯುವ ಯಂತ್ರ ಲೇತ್‌ನಲ್ಲಿ ನೀಲಿ ಚಿಪ್ (ಕಡೆಯುವಾಗ ಹೊರಬರುವ ಲೋಹದ ಸುರುಳಿ) ಕಂಡರೆ ಸಾಕು, ಸ್ಪೀಡ್ ಇಳಿಸುತ್ತಿದ್ದರು. ‘ಸರ್, ಅದೆಲ್ಲ ಹಳೇ ಕಾಲ’ ಅಂದುಬಿಟ್ಟೆ, ಅದೂ ಎಲ್ಲರ ಮುಂದೆ. ಎರಡು ವಾರ ಮಾತಿಲ್ಲ.

ಆಮೇಲೆ ಒಬ್ಬರೇ ಇದ್ದಾಗ ಹೋಗಿ ‘ನೀಲಿ ಬಂದರೆ ಆಗ ಏನಾಗುತ್ತಿತ್ತು ಸರ್?’ ಅಂತ ಕೇಳಿದೆ. ಡ್ರಾಯರ್‌ನಿಂದ ತುದಿ ಸುಟ್ಟು ಕರಕಲಾದ ಟೂಲ್ ತೆಗೆದು ಕೈಗಿಟ್ಟರು. ಅವರು ಕಲಿತದ್ದು ಹೈಸ್ಪೀಡ್ ಸ್ಟೀಲ್ ಟೂಲ್‌ನಲ್ಲಿ. ಅದರಲ್ಲಿ ಉಕ್ಕಿನ ಚಿಪ್ ನೀಲಿ ಆದರೆ ಟೂಲ್ ಕೆಡುವ ಸೂಚನೆ. ಈಗ ಟೂಲ್ ತುದಿಗೆ ಹಾಕುವ ಗಟ್ಟಿ ಚೂರು, ಕಾರ್ಬೈಡ್ ಇನ್ಸರ್ಟ್, ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ತಡೆಯುತ್ತದೆ. ಬಿಸಿಯ ಬಹುಪಾಲು ಚಿಪ್ ಜೊತೆ ಹೊರಗೆ ಹೋಗುತ್ತದೆ, ನೀಲಿ ಬಂದರೂ ಮಾಮೂಲು. ಇದನ್ನು ನಾನು ಬಾಯಲ್ಲಿ ಹೇಳಲಿಲ್ಲ. ಒಂದು ಇನ್ಸರ್ಟ್ ಹಾಕಿ, ನೀಲಿ ಚಿಪ್ ಬರುವ ಸ್ಪೀಡ್‌ನಲ್ಲೇ ಓಡಿಸಿ, ಕೊನೆಗೆ ಅಂಚನ್ನು ಭೂತಗನ್ನಡಿಯಲ್ಲಿ ಅವರೇ ನೋಡಿದರು. ‘ಹೂಂ’ ಅಂದರು. ಅಷ್ಟೇ. ಮರುದಿನದಿಂದ ಸ್ಪೀಡ್ ಇಳಿಸಲಿಲ್ಲ.

ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್‌ನ ಹೊರಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳೋದನ್ನು ನನಗೆ ಕಲಿಸಿದ್ದೂ ಅವರೇ. ಕೆಡುತ್ತಿರುವ ಬೇರಿಂಗ್ ಒಳಗೆ ಮರಳು ಉರುಳಿದ ಹಾಗೆ ಸದ್ದು. ಮೊದಲ ತಿಂಗಳು ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತಿತ್ತು!

ಬೇರೆ ಒಬ್ಬರು:
ಎಲ್ಲರೂ ಹೀಗೆ ಹೇಳಿಕೊಡುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಹಿರಿಯರೊಬ್ಬರು ಕೊನೇ ದಿನದವರೆಗೂ ಬಾಯಿ ಬಿಡಲಿಲ್ಲ. ‘ಎಲ್ಲ ಹೇಳಿಕೊಟ್ಟರೆ ನಾಳೆ ನಾನು ಯಾಕೆ ಬೇಕು?’ ಅನ್ನೋ ಭಯ. ಅದು ಸುಳ್ಳು ಭಯವೂ ಅಲ್ಲ ಬಿಡಿ. ಇನ್ನೊಂದು, ವಯಸ್ಸು ಚಿಕ್ಕದು ಅಂದಮಾತ್ರಕ್ಕೆ ಪ್ರಿಂಟರ್ ಕೆಟ್ಟಾಗಲೆಲ್ಲ ನಮ್ಮನ್ನೇ ಕರೆಯೋದು ಯಾವ ನ್ಯಾಯ?

ತರಬೇತಿ ವಿಭಾಗದಿಂದ:
ಚಿಕ್ಕವರು ದೊಡ್ಡವರಿಗೆ ಕಲಿಸೋದು ಹೊಸದೇನಲ್ಲ. 1999ರಲ್ಲೇ ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಆಗಿನ ಮುಖ್ಯಸ್ಥ ಜಾಕ್ ವೆಲ್ಚ್ ತಮ್ಮ 500 ಹಿರಿಯ ಅಧಿಕಾರಿಗಳಿಗೆ, ಕೆಳಗಿನ ನೌಕರರಿಂದ ಇಂಟರ್ನೆಟ್ ಕಲಿಯಿರಿ ಅಂತ ಹೇಳಿದ್ದರು. ತಾವೂ ಒಬ್ಬರ ಹತ್ತಿರ ಕಲಿತರು. ನನ್ನ ಅನುಭವದಲ್ಲಿ ಒಂದೇ ಎಚ್ಚರ: ಯಾರು ಯಾರ ಬಡ್ತಿಗೆ ಸಹಿ ಹಾಕುತ್ತಾರೋ ಅವರನ್ನು ಜೋಡಿ ಮಾಡಬೇಡಿ. ‘ಗೊತ್ತಾಗಲಿಲ್ಲ’ ಅನ್ನೋ ಮಾತು ಅಲ್ಲಿ ಬಾಯಿಂದ ಹೊರಡೋದೇ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ವಾರದ ಆ ಒಂದು ಗಂಟೆ ಬೇಡ, ಬದಲಿಗೆ ತಿಂಗಳ ರಿಪೋರ್ಟನ್ನು ಇಬ್ಬಿಬ್ಬರು ಸೇರಿ ಮಾಡಲಿ ಅಂತ ಮೇಲಿನವರನ್ನು ಒಪ್ಪಿಸಿದ್ದೇನೆ. ಮೌಸ್ ವಿಷಯ ಹೇಳಿದಾಗ ನಮ್ಮ ಹಿರಿಯರೊಬ್ಬರು, ‘ಹಾಗಾದ್ರೆ ರಿಪೋರ್ಟ್ ಮುಂದಿನ ತಿಂಗಳು ಮುಗಿಯುತ್ತೆ’ ಅಂದರು. ಮೂವರು ಹೊಸಬರೂ ನಕ್ಕರು. ಸೋಮವಾರ ಶುರು.