ಸಹಾಯ ಬೇಕು: ಬಿದಿರಿನ ವಿಮಾನ, ಬಿರುಕು ಬಿಡುವ ಗಳ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ತಿರದವನು. ಮನೆಯಂಗಳದಲ್ಲಿ ಒಂದು ಹಳೆ ವಿಮಾನದ ಪ್ರತಿಕೃತಿ ಮಾಡುತ್ತಿದ್ದೇನೆ, ಅದೇ ಅಳತೆಯದ್ದು. ಹಾರಿಸುವುದಕ್ಕಲ್ಲ, ಸುಮ್ನೆ ಮಕ್ಕಳು ಹತ್ತಿ ಕೂತು ನೋಡಲಿ ಅಂತ.

ವಿಮಾನದ ಹೆಸರು ದೆಮೊಯ್ಸೆಲ್. ಬ್ರೆಜಿಲ್‌ನ ಸಾಂಟೋಸ್ ಡ್ಯೂಮಾಂಟ್ 1907ರಿಂದ 1909ರವರೆಗೆ ಫ್ರಾನ್ಸ್‌ನಲ್ಲಿ ತಿದ್ದಿ ತಿದ್ದಿ ಮಾಡಿದ್ದು. ಪೇಟೆಂಟ್ ಹಿಡಿಯದೆ ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟ ಪುಣ್ಯಾತ್ಮ! ರೆಕ್ಕೆ ತುದಿಯಿಂದ ತುದಿಗೆ ಸುಮಾರು 5 ಮೀಟರ್, ಮೇಲೆ ರೇಷ್ಮೆ ಬಟ್ಟೆ. ಇಂಜಿನ್ ತಲೆಯ ಮೇಲೆ, ಪೈಲಟ್ ರೆಕ್ಕೆಯ ಕೆಳಗೆ. ಮೈ ಆಚೀಚೆ ವಾಲಿಸಿದರೆ ರೆಕ್ಕೆಯೇ ತಿರುಚುತ್ತಿತ್ತು. ಉದ್ದಕ್ಕೆ ಇರುವುದು ಬರೀ ಮೂರು ಬಿದಿರಿನ ಗಳ. ಬಿದಿರು ನಮ್ಮೂರಲ್ಲಿ ಇಲ್ಲವಾ ಅಂತ ಧೈರ್ಯ ಮಾಡಿದೆ.

ಅಲ್ಲೇ ಎಡವಿದ್ದು. ಹಸಿ ಬಿದಿರು ಕಡಿದು ಅಡಿಕೆ ಒಣಗಿಸುವ ಅಂಗಳದಲ್ಲೇ ಹಾಕಿದೆ. ಒಂದು ವಾರದ ಬಿಸಿಲಿಗೆ ಎರಡು ಗಳ ಉದ್ದಕ್ಕೆ ಸೀಳಿತು. ಉಳಿದದ್ದಕ್ಕೆ ಕುಟ್ಟೆ ಹುಳ, ಕೆಳಗೆಲ್ಲ ಹಿಟ್ಟಿನಂತೆ ಪುಡಿ. ತಪ್ಪು ನನ್ನದೇ, ನೆರಳಲ್ಲಿ ನಿಲ್ಲಿಸಿ ನಿಧಾನಕ್ಕೆ ಒಣಗಿಸಬೇಕಿತ್ತು.

ಹುಳ ಬಾರದಂತೆ ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಲ್ಲಿ ನೆನೆಸಿದವರು ಇದ್ದೀರಾ? ಅಷ್ಟುದ್ದದ ಗಳ ಮುಳುಗಿಸಲು ಏನು ಮಾಡಿದಿರಿ? ನನ್ನಲ್ಲಿ ಇರುವುದು ತೋಟದ ಟ್ಯಾಂಕ್ ಮಾತ್ರ. ಅದರ ನೀರು ಗಿಡಕ್ಕೂ ಹೋಗುತ್ತದೆ, ಹಾಗಾಗಿ ಭಯ. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಬರುವುದಿಲ್ಲ ಅನ್ನುತ್ತಾರೆ ಅಜ್ಜ. ಅನುಭವ ಇದ್ದವರೇ ಹೇಳಬೇಕು.

ಇನ್ನೊಂದು, ಗಳ ಸೇರುವಲ್ಲಿ ಲೋಹದ ಕೊಳವೆ ಹಾಕಬೇಕು. ಮುಳ್ಳೇರಿಯ, ಕುಂಬಳೆ ಕಡೆ ತೆಳು ತಗಡಿನ ಕೆಲಸ ಚೆನ್ನಾಗಿ ಮಾಡುವವರು ಗೊತ್ತಿದ್ದರೆ ತಿಳಿಸಿ. ಮಳೆಗಾಲದ ಮೊದಲು ಚೌಕಟ್ಟಾದರೂ ನಿಲ್ಲಬೇಕು.