ಮಧ್ಯಾಹ್ನ ಕೆಲವು ಮೊಬೈಲ್‌ಗೆ ಮಾತ್ರ ಕಾಲ್ ಹೋಗುತ್ತಿಲ್ಲ: ಫ್ರೀಪಿಬಿಎಕ್ಸ್, ಎರಡು ಲ್ಯಾಂಡ್‌ಲೈನ್, ಒಂದು ಸಿಪ್ ಟ್ರಂಕ್

ಗೋಡಂಬಿ ಆಫೀಸ್, ಉಡುಪಿ:
ನಮಸ್ಕಾರ. ನಮ್ಮ ಆಫೀಸಲ್ಲಿ ಫ್ರೀಪಿಬಿಎಕ್ಸ್ (ಆಫೀಸ್ ಫೋನ್‌ಗಳ ಕಾಲ್ ನಡೆಸುವ ಸಾಫ್ಟ್‌ವೇರ್) ಉಂಟು. ಊರಿನ ಕಾಲ್ ಲ್ಯಾಂಡ್‌ಲೈನಲ್ಲಿ, ಮೊಬೈಲ್ ಕಾಲ್ ಸಿಪ್‌ನಲ್ಲಿ (ಇಂಟರ್ನೆಟ್ ಮೂಲಕದ ಫೋನ್ ಲೈನ್), ಬೆಂಗಳೂರಿನದ್ದು ಅಲ್ಲಿನ ಬ್ರಾಂಚ್ ಮೂಲಕ ಹೋಗಬೇಕು. ಬೆಳಿಗ್ಗೆ ಎಲ್ಲಾ ಸರಿ ಇರುತ್ತದೆ. ಲೋಡಿಂಗ್ ಶುರುವಾದ ಮೇಲೆ ಕೆಲವು ಪಾರ್ಟಿಗಳ ಮೊಬೈಲ್‌ಗೆ ಮಾಡಿದರೆ 'ಎಲ್ಲಾ ಲೈನ್ ಬ್ಯುಸಿ' ಅಂತ ಬರುತ್ತದೆ. ಅದೇ ಹೊತ್ತಿಗೆ ಬೇರೆ ಮೊಬೈಲ್‌ಗೆ ಆರಾಮಾಗಿ ಹೋಗುತ್ತದೆ. ಸಿಪ್ ಕಂಪನಿಯವರು ತಮ್ಮ ಕಡೆ ತೊಂದರೆ ಇಲ್ಲ ಅನ್ನುತ್ತಾರೆ.

ಕಂಕನಾಡಿ ಟೆಕ್ನಿಷಿಯನ್:
ಹೋಗದ ನಂಬರ್‌ಗಳ ಮೊದಲ ನಾಲ್ಕು ಅಂಕಿ ಮಾತ್ರ ಹೇಳಿ ಸರ್. ಔಟ್‌ಬೌಂಡ್ ರೂಟ್ (ಯಾವ ನಂಬರ್ ಯಾವ ಲೈನಲ್ಲಿ ಹೋಗಬೇಕು ಅನ್ನುವ ನಿಯಮ) ಯಾವ ಕ್ರಮದಲ್ಲಿದೆ ಅಂತಲೂ ಬರೆಯಿರಿ.

ಗೋಡಂಬಿ ಆಫೀಸ್, ಉಡುಪಿ:
8217, 8277, 8296. ರೂಟ್ ಮೇಲಿಂದ: ಲೋಕಲ್ (082, ಆಮೇಲೆ ಚುಕ್ಕೆ), ಬೆಂಗಳೂರು (080, ಚುಕ್ಕೆ), ಕೊನೆಗೆ ಮೊಬೈಲ್. ನಾವೆಲ್ಲ 0 ಸೇರಿಸಿಯೇ ಡಯಲ್ ಮಾಡುವುದು.

ಕಂಕನಾಡಿ ಟೆಕ್ನಿಷಿಯನ್:
ಸಿಕ್ಕಿತು ಮಾರಾಯ್ರೇ. 8277ರ ಹಿಂದೆ 0 ಹಾಕಿದರೆ 08277 ಆಯಿತು. 082 ಕಂಡ ಕೂಡಲೇ ನಿಮ್ಮ ಲೋಕಲ್ ರೂಟ್ ಅದನ್ನು ಹಿಡಿದುಕೊಳ್ಳುತ್ತದೆ. ಚುಕ್ಕೆ ಅಂದರೆ ಮುಂದೆ ಏನು ಬಂದರೂ ಸರಿ ಅಂತ, ಅಲ್ವಾ? ಫ್ರೀಪಿಬಿಎಕ್ಸ್ ರೂಟ್‌ಗಳನ್ನು ಮೇಲಿಂದ ಕೆಳಗೆ ನೋಡುತ್ತದೆ. ಮೊದಲು ಹೊಂದಿದ್ದೇ ಲೆಕ್ಕ, ಕೆಳಗಿನ ರೂಟ್ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಈ ಮೊಬೈಲ್ ಕಾಲ್‌ಗಳೆಲ್ಲ ಲ್ಯಾಂಡ್‌ಲೈನ್‌ನಿಂದ ಹೋಗುತ್ತಿವೆ. ಇರುವುದು ಎರಡು ಲೈನ್, ಒಂದರಲ್ಲಿ ಒಂದೇ ಕಾಲ್. ಬೆಳಿಗ್ಗೆ ಖಾಲಿ ಇರುತ್ತದೆ, ಮಧ್ಯಾಹ್ನ ಇರುವುದಿಲ್ಲ. ಸಿಡಿಆರ್ ರಿಪೋರ್ಟಲ್ಲಿ (ಕಾಲ್‌ಗಳ ದಾಖಲೆ) ಟ್ರಂಕ್ ಹೆಸರು, ಅಂದರೆ ಕಾಲ್ ಹೊರಗೆ ಹೋದ ಲೈನಿನ ಹೆಸರು ನೋಡಿ, ಗೊತ್ತಾಗುತ್ತದೆ.

ಸುಮ್ನೆ ರೂಟ್ ಮೇಲೆ ಕೆಳಗೆ ಮಾಡಬೇಡಿ. ಮೊಬೈಲ್ ಮೇಲೆ ಹೋದರೆ ಉಡುಪಿ, ಮಂಗಳೂರಿನ ಲ್ಯಾಂಡ್‌ಲೈನ್ ಕಾಲ್ ಕೂಡ ಸಿಪ್‌ಗೆ ಹೋಗುತ್ತದೆ. 0 ಸೇರಿ ಎರಡೂ ಹನ್ನೊಂದೇ ಅಂಕಿ. ಪ್ಯಾಟರ್ನ್ ಬಿಗಿ ಮಾಡುವುದೇ ದಾರಿ. ಉಡುಪಿಗೆ 08202, ಆಮೇಲೆ ಆರು ಎಕ್ಸ್ (ಒಂದು ಎಕ್ಸ್ ಅಂದರೆ ಯಾವುದಾದರೂ ಒಂದು ಅಂಕಿ). ಮಂಗಳೂರಿಗೆ 0824, ಚೌಕ ಬ್ರಾಕೆಟಲ್ಲಿ 24 (2 ಅಥವಾ 4, ಯಾವುದಾದರೂ ಒಂದು ಅಂತ), ಆರು ಎಕ್ಸ್. ಇಲ್ಲಿ 4ರಿಂದ ಶುರುವಾಗುವ ಲ್ಯಾಂಡ್‌ಲೈನೂ ಉಂಟು. ಕುಂದಾಪುರ 08254, ಕಾರ್ಕಳ 08258. ಇವಕ್ಕೆ ಕೋಡ್ ಬರೆದು, 2 ಹಾಕಿ, ಐದು ಎಕ್ಸ್. ಚುಕ್ಕೆ ಎಲ್ಲೂ ಬೇಡ. ಆಮೇಲೆ ಲೋಕಲ್ ರೂಟಿನ ಟ್ರಂಕ್ ಪಟ್ಟಿಯಲ್ಲಿ ಸಿಪ್ ಅನ್ನು ಎರಡನೆಯದಾಗಿ ಸೇರಿಸಿ. ಲೈನ್ ಎರಡೂ ಬ್ಯುಸಿ ಆದಾಗ ಕಾಲ್ ಅದರಲ್ಲಿ ಹೋಗುತ್ತದೆ.

ಗೋಡಂಬಿ ಆಫೀಸ್, ಉಡುಪಿ:
8277 ಈಗ ಸಿಪ್‌ನಲ್ಲೇ ಹೋಗುತ್ತಿದೆ, ತುಂಬಾ ಥ್ಯಾಂಕ್ಸ್! ರಿಪೋರ್ಟ್ ನೋಡುವಾಗ ಇನ್ನೊಂದು ಕಂಡಿತು. 8050, 8095 ಮೊಬೈಲ್‌ಗಳು ಬೆಂಗಳೂರು ಬ್ರಾಂಚ್ ಮೂಲಕ ಹೋಗುತ್ತಿವೆ.

ಕಂಕನಾಡಿ ಟೆಕ್ನಿಷಿಯನ್:
ಅದೂ ಇದೇ ರೋಗ. 080ರ ಮುಂದಿನ ಚುಕ್ಕೆ ತೆಗೆಯಿರಿ. ಚೌಕ ಬ್ರಾಕೆಟಲ್ಲಿ 246, ಆಮೇಲೆ ಏಳು ಎಕ್ಸ್ ಹಾಕಿ.

ಮಣಿಪಾಲದಿಂದ:
ಒಂದು ಮಾತು ಸೇರಿಸುತ್ತೇನೆ. ಈ ಪಟ್ಟಿಯಲ್ಲಿ 112, 108 ಎಲ್ಲೂ ಕಾಣಲಿಲ್ಲ. ಅವಕ್ಕೆ ಬೇರೆ ರೂಟ್ ಮಾಡಿ, ಎಲ್ಲದಕ್ಕಿಂತ ಮೇಲೆ ಇಡಿ. ಟ್ರಂಕ್ ಉಡುಪಿಯ ಲ್ಯಾಂಡ್‌ಲೈನೇ ಇರಲಿ, ಬ್ರಾಂಚ್ ಟ್ರಂಕ್ ಬೇಡ. ಆ ರೂಟಿಗೆ ಪಿನ್ ಹಾಕಲೇಬೇಡಿ. ಯಂತ್ರಗಳು ಇರುವ ಜಾಗ, ಯಾರಿಗಾದರೂ ಪೆಟ್ಟಾದಾಗ ಪಿನ್ ಯಾರಿಗೆ ನೆನಪಿರುತ್ತದೆ?

ಗೋಡಂಬಿ ಆಫೀಸ್, ಉಡುಪಿ:
ಇದು ನಿಜಕ್ಕೂ ತಲೆಗೆ ಹೊಳೆದಿರಲಿಲ್ಲ. ಈಗಲೇ ಸೇರಿಸುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಆಫ್ ಆದರೆ?

ಮಣಿಪಾಲದಿಂದ:
ತಾಮ್ರದ ಲೈನ್ ಆಗಿದ್ದರೆ ಒಂದಕ್ಕೆ ಸಾದಾ ಫೋನನ್ನು ನೇರವಾಗಿ ಪ್ಯಾರಲಲ್ ಹಾಕಿ ಸೆಕ್ಯುರಿಟಿ ರೂಮಲ್ಲಿ ಇಡಿ. ಅದಕ್ಕೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಫೈಬರ್ ಆಗಿದ್ದರೆ ಮೋಡೆಮ್‌ಗೆ ಬೇರೆ ಬ್ಯಾಟರಿ ಬೇಕಾಗುತ್ತದೆ.